ಹೆಚ್ಚೈತೆ ಅಂದರೆ ಇಲ್ಲ

ಗಿರಾಕಿಗೆ ಇಲ್ಲ ಅನ್ನೋದೂ ಒಂದು ವಿದ್ಯೆ. ನನಗೆ ಅದು ಬರಲ್ಲ. ಅದಕ್ಕೇ ನನ್ನ ಹೋಟ್ಲಲ್ಲಿ ಹಿಂಗೆಲ್ಲ ಆಗ್ತಾನೇ ಇರುತ್ತೆ. ಹೋಟ್ಲು ಸಣ್ಣದು, ಹಳೇಬೀಡು ಬಸ್ ಸ್ಟ್ಯಾಂಡ್ ಹತ್ರ. ಇಲ್ಲ ಅನ್ನೋ ಕೆಲಸ ನನ್ನ ಹೆಂಡ್ತಿದು. ಅವಳು ಹೋದ ಮೇಲೆ ಆ ಕೆಲಸವೂ ನನ್ನ ತಲೆಗೆ ಬಂತು. ಒಬ್ಬರಿಗಂತೂ ಏನು ಹೇಳಬೇಕೋ ಬಹಳ ದಿನ ತಿಳೀಲೇ ಇಲ್ಲ. ಅವರ ವಿಷಯ ಕೊನೇಲಿ ಬರುತ್ತೆ.

ಖಾಲಿ ಪಾತ್ರೆ

ನಮ್ಮ ಕಡೆ ಅನ್ನಕ್ಕೆ, ಉಪ್ಪಿಗೆ ಇಲ್ಲ ಅನ್ನಬಾರದು. ಮುಗಿದಿದ್ರೆ ಹೆಚ್ಚೈತೆ ಅನ್ನಬೇಕು. ಅವಳು ಹಂಗೇ ಅಂತಿದ್ದಳು. ನಾನೂ ಹಂಗೇ ಅಂತೀನಿ.

ಗುಡಿ ನೋಡೋಕೆ ಬೆಂಗಳೂರಿಂದ ಒಂದು ಕಾರು ಬಂತು. ಹುಡುಗರು ಇಳಿದರು.

"ಇಡ್ಲಿ ಇದ್ಯಾ?"

"ಹೆಚ್ಚೈತೆ ಸ್ವಾಮಿ."

"ಸೂಪರ್. ಎಲ್ರಿಗೂ ಎರಡೆರಡು ಪ್ಲೇಟ್ ಕೊಡಿ."

ಕೂತೇಬಿಟ್ಟರು. ನಾನು ನಿಂತೇ ಇದ್ದೆ.

"ಕೊಡಿ ಯಜಮಾನ್ರೇ."

"ಹೆಚ್ಚೈತೆ ಅಂದ್ನಲ್ಲಪ್ಪ."

"ಹೆಚ್ಚಿದೆ ಅಂತಾನೇ ಕೇಳ್ತಿರೋದು!"

ಕೊನೆಗೆ ಒಬ್ಬ ಎದ್ದು ಬಂದು ಪಾತ್ರೆ ಮುಚ್ಚಳ ತೆಗೆದ. ಒಳಗೆ ಬಟ್ಟೆ ಮಾತ್ರ ಇತ್ತು. ಅದನ್ನೂ ಎತ್ತಿ ನೋಡಿದ. ಆಮೇಲೆ ಕೇಳಿದ: "ಇದು ಹೆಚ್ಚಿರೋದಾ? ಕಮ್ಮಿ ಆದಾಗ ಹೆಂಗಿರುತ್ತೆ, ಅದನ್ನೂ ತೋರಿಸಿಬಿಡಿ."

ಯಾವ ಸೇವೆ

ಇದು ನನ್ನ ಬಾಮೈದನ ಕಿವಿಗೆ ಬಿತ್ತು. ಅವನು ಬೇಲೂರಲ್ಲಿ ಒಬ್ಬ ಲಾಯರ್ ಹತ್ರ ಗುಮಾಸ್ತ.

"ಭಾವ, ನಿಮ್ಮ ಬಾಯಲ್ಲಿ ಇಲ್ಲ ಅಂತ ಬರಲ್ಲ. ಬೋರ್ಡಾದ್ರೂ ಹೇಳ್ಲಿ" ಅಂದ. ಅರಸೀಕೆರೆಯಲ್ಲಿ ಒಂದು ಬೋರ್ಡು ಬರೆಸಿಕೊಂಡು ಬಂದ. "ಸೇವೆಯನ್ನು ನಿರಾಕರಿಸುವ ಹಕ್ಕು ಮಾಲೀಕರಿಗೆ ಇದೆ" ಅಂತ. ಮಧ್ಯದ ಮಾತು ನನಗೆ ಓದೋಕಾಗಲಿಲ್ಲ. ಗೋಡೇಲಿ ಇದ್ದಿದ್ದು ಒಂದೇ ಮೊಳೆ, ಅದರಲ್ಲಿ ನನ್ನ ಹೆಂಡ್ತಿ ಫೋಟೋ. ಅದರ ಕೆಳಗೇ ಬೋರ್ಡು ಕಟ್ಟಿದ.

ಮಾರನೆ ದಿನ ಹುಲಿಕೆರೆಯ ಒಬ್ಬ ಅಜ್ಜಿ ಬಂತು. ಬೋರ್ಡು ನೋಡ್ತು. ನನ್ನಂಗೇ ಕೂಡಿಸಿ ಕೂಡಿಸಿ ಓದ್ತು. "ಸೇ-ವೆ." ಅಷ್ಟಕ್ಕೇ ನಿಲ್ಲಿಸ್ತು. ಚಪ್ಪಲಿ ಬಿಡ್ತು. ತಲೇಲಿದ್ದ ಹೂವು ತೆಗೆದು ಫೋಟೋಗೆ ಇಟ್ಟು ಕೈ ಮುಗೀತು.

"ಯಾವೂರ ಅಮ್ಮನೋ ಕಾಣೆ. ನನ್ನ ಮೊಣಕಾಲು ನೋವೊಂದು ವಾಸಿ ಮಾಡವ್ವಾ."

"ಅಜ್ಜಿ, ಬೇರೆ ಏನಾದ್ರೂ ಕೇಳ್ಕೊ" ಅಂದೆ. "ಮೊಣಕಾಲು ನೋವು ಅವಳಿಗೇ ಕೊನೇತನಕ ವಾಸಿ ಆಗಲಿಲ್ಲ."

ಮೇಷ್ಟ್ರ ಕಾಫಿ

ಈಗ ಆ ಒಬ್ಬರ ವಿಷಯ. ರಿಟೈರಾದ ಮೇಷ್ಟ್ರು. ಹಿಂದೆ ಒಂದಿನ ಅವಳ ಕಾಫಿ ಕುಡಿದು ಕಲಗಚ್ಚು ಅಂದುಬಿಟ್ಟರು. ಎಮ್ಮೆಗೆ ಇಡೋ ಕಲಗಚ್ಚು. ಅವಳು ಬಾಯಿ ಬಿಟ್ಟು ಇಲ್ಲ ಅಂದಿದ್ದು ಅವತ್ತೊಂದೇ ಸಲ. "ನಾನಿರೋ ತನಕ ಈ ಹೋಟ್ಲೊಳಗೆ ನಿಮಗೆ ಕಾಫಿ ಇಲ್ಲ ಮೇಷ್ಟ್ರೇ."

ಅವಳ ತಿಥಿ ಕಳೆದ ಮೇಲೆ ಮೇಷ್ಟ್ರು ಬೆಳಿಗ್ಗೆ ಬೆಳಿಗ್ಗೆ ಬಾಗಿಲಾಚೆ ಬಂದು ನಿಲ್ಲೋಕೆ ಶುರು ಮಾಡಿದರು. "ಈಗ ಕಾಫಿ ವಿಷಯ ಹೆಂಗಯ್ಯಾ?" ಅಂತ ಕೇಳೋರು. ನಾನು ಟೇಬಲ್ ಒರೆಸೋನು.

ಬಾಮೈದನ್ನ ಕೇಳಿದೆ. "ಜಾತಿ ಗೀತಿ ನೋಡಿ ಬೇಡ ಅನ್ನಂಗಿಲ್ಲ ಭಾವ. ಅದು ಬಿಟ್ರೆ ನಿಮ್ಮ ಹೋಟ್ಲು, ನಿಮ್ಮಿಷ್ಟ" ಅಂದ.

"ಇಷ್ಟ ಅವಳದಲ್ವೇನೋ?"

ನಾನಿರೋ ತನಕ ಅಂತ ಅವಳು ಅಂದಿದ್ದಳು. ಮೇಷ್ಟ್ರಿಗೆ ಕಾಫಿ ಕೊಟ್ಟರೆ ಅವಳಿಲ್ಲ ಅಂತ ನಾನೇ ಒಪ್ಪಿಕೊಂಡಂಗೆ. ಕೊಡದಿದ್ದರೆ ಆ ವಯಸ್ಸಾದ ಜೀವ ಬಿಸಿಲಲ್ಲಿ ನಿಂತಿರುತ್ತೆ.

ಒಂದಿನ ಬಾಯಿ ತಪ್ಪಿ ಅಂದೆ: "ಕಾಫಿ ಹೆಚ್ಚೈತೆ ಮೇಷ್ಟ್ರೇ."

ಈ ಊರಿನವರಲ್ವಾ, ಅರ್ಥ ಆಯ್ತು. "ಸರಿ ಕಣಯ್ಯಾ. ಬತ್ತೀನಿ" ಅಂದು ತಿರುಗಿದರು. ಆಸ್ಪತ್ರೆಗೆ ಹೊರಟಾಗ ಅವಳೂ ಬತ್ತೀನಿ ಅಂತಲೇ ಅಂದಿದ್ದು. ನನಗೆ ತಡೀಲಿಲ್ಲ. ಅದೂ ಅಲ್ಲದೆ ಕಾಫಿ ನಿಜವಾಗಿ ಹೆಚ್ಚಿತ್ತು. ಅವಳ ಲೋಟದ್ದೂ ಸೇರಿಸಿ ಕಾಸೋ ಅಭ್ಯಾಸ ಇನ್ನೂ ಹೋಗಿಲ್ಲ.

"ಮೇಷ್ಟ್ರೇ, ಹೆಚ್ಚೈತೆ!"

"ತಿಳೀತಯ್ಯಾ, ಎಷ್ಟು ಸಲ ಹೇಳ್ತೀಯ!"

"ಅಯ್ಯೋ, ಇದು ಇರೋ ಹೆಚ್ಚು!"

ಲೋಟ ಹಿಡಿದು ರಸ್ತೆಗೇ ಓಡಿದೆ. ಹೋಟ್ಲೊಳಗೆ ತಾನೇ ಇಲ್ಲ ಅಂದಿದ್ದು? ರಸ್ತೆ ಪಂಚಾಯ್ತಿದು. ಮೇಷ್ಟ್ರು ಅಲ್ಲೇ ನಿಂತು ಕುಡಿದರು. ಕಣ್ಣು ಒರೆಸಿಕೊಂಡರು.

"ಅವಳದ್ದು ಕಾಫಿ ಕಣಯ್ಯಾ. ಕಲಗಚ್ಚು ಅಂದ್ರೆ ಇದು."

ನನ್ನ ಬಾಯಿಂದ ಅದು ಹೆಂಗೆ ಬಂತೋ ಗೊತ್ತಿಲ್ಲ. "ನಾನಿರೋ ತನಕ ನಿಮಗೆ ಕಾಫಿ ಇಲ್ಲ ಮೇಷ್ಟ್ರೇ!"

"ಬತ್ತೀನಿ" ಅಂದು ಹೋದರು.

ಬಂದೂ ಬಂದರು. ಮಾರನೆ ಬೆಳಿಗ್ಗೆ ರಸ್ತೆಯಿಂದಲೇ ಕೂಗಿದರು, "ಏನಯ್ಯಾ, ಹೆಚ್ಚೈತಾ?"

ನಾನು ಒಳಗಿಂದ ಕೂಗಿದೆ, "ಯಾವ ಹೆಚ್ಚು ಮೇಷ್ಟ್ರೇ?"