ರೇವಣಸಿದ್ದಯ್ಯನವರ ಕಿವಿ

ಎಲ್ಲ ರಗಳೆಗೂ ಕಾರಣ ರೇವಣಸಿದ್ದಯ್ಯನವರ ಕಿವಿ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಅಟ್ಟದಲ್ಲಿ ಒಣಗಿಸಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಉಂಡೆಯಾಗಿದೆಯೋ ಇನ್ನೂ ನೀರಿದೆಯೋ ಹೇಳುವುದು. ಅವರು ಹೇಳಿದ ಮೇಲೆ ಎರಡನೇ ಮಾತಿಲ್ಲ. ಆದರೆ ಕೈಗೆ ಏನು ಸಿಕ್ಕರೂ ಅಲ್ಲಾಡಿಸುವ ಚಟ ಅಂಟಿಕೊಂಡಿತ್ತು. ಮಗಳು ಲಿಖಿತಾಳನ್ನು ನೋಡಲು ಬಂದವರ ಸಿಹಿ ಡಬ್ಬ ಅಲ್ಲಾಡಿಸಿ, "ಅರ್ಧ ಖಾಲಿ" ಎಂದಿದ್ದರು. ಆ ಸಂಬಂಧ ಅಲ್ಲೇ ಮುರಿಯಿತು.

ಇಂದು ದಂಡಿನಶಿವರದಿಂದ ಇನ್ನೊಂದು ಗಂಡು ಬರಲಿತ್ತು.

"ರೀ, ಇವತ್ತೊಂದಿನ ಕೈ ಕಟ್ಕಂಡ್ ಕೂತ್ಕಳ್ರಿ. ಇದೂ ತಪ್ಪೋದ್ರೆ ನಾನು ತವರಿಗೆ ಹೋಯ್ತೀನಿ!" ಎಂದರು ಹೆಂಡತಿ ಶಿವರುದ್ರಮ್ಮ.

ಅಷ್ಟರಲ್ಲಿ ಪಕ್ಕದ ಮನೆ ಸಿದ್ದಕ್ಕ ಕುಕ್ಕರ್ ಹಿಡಿದು ಬಂದಳು. "ಅಣ್ಣಾ, ಇದು ಕೂಗ್ತಾನೇ ಇಲ್ಲ, ಒಸಿ ನೋಡು." ಅಲ್ಲಾಡಿಸಿದರು. ಸಾರು ಅಂಗಿಯ ಮೇಲಿಳಿಯಿತು.

ಎದುರಿನ ಮೆಕ್ಯಾನಿಕ್ ಮಜೀದ್ ಬಿಡುತ್ತಾನೆಯೇ? ಸ್ಕೂಟರಿನ ಟ್ಯಾಂಕನ್ನೇ ಬಿಚ್ಚಿ ತಂದ. "ಅಯ್ಯೋರೆ, ಪೆಟ್ರೋಲ್ ಎಷ್ಟೈತೆ ಹೇಳಿ." ಪೆಟ್ರೋಲೂ ಅಂಗಿಯ ಮೇಲಿಳಿಯಿತು. ಬದಲಿಸುವ ಹೊತ್ತಿಗೆ ಬೀಗರು ಬಾಗಿಲಲ್ಲಿದ್ದರು.

ಗಂಡು ದಯಾನಂದ್ ಕಾಲಿಗೆ ಬಗ್ಗಿದ. ಮೊನ್ನೆ ತಾನೆ ಹರಕೆಗೆ ಬೋಳಿಸಿದ, ದುಂಡನೆಯ ತಲೆ. ಆಶೀರ್ವಾದಕ್ಕೆಂದು ಇಟ್ಟ ಕೈ ಮಾತು ಕೇಳಲಿಲ್ಲ. ಎರಡೂ ಕೈಯಲ್ಲಿ ತಲೆ ಹಿಡಿದು, ಕಿವಿಗೆ ಒತ್ತಿ, ರೇವಣಸಿದ್ದಯ್ಯನವರು ಮೂರು ಸಲ ಅಲ್ಲಾಡಿಸಿಯೇಬಿಟ್ಟರು.

"ಇನ್ನೂ ನೀರೈತೆ. ಆರು ತಿಂಗ್ಳು ಅಟ್ಟದ ಮ್ಯಾಲಿಡಿ."

ಶಿವರುದ್ರಮ್ಮ ಕಾಫಿ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟರು. ಗಂಡಿನ ತಂದೆ ಗಂಗಯ್ಯ ಧಡಕ್ಕನೆ ಎದ್ದರು. ಮಗಳ ಬಾಳು ತನ್ನ ಕೈಯಾರೆ ಹಾಳಾಯಿತಲ್ಲ ಎಂದು ರೇವಣಸಿದ್ದಯ್ಯನವರಿಗೆ ಅಳುವೇ ಬಂತು.

ಗಂಗಯ್ಯ ಬಂದು ಅವರ ಎರಡೂ ಕೈ ಹಿಡಿದುಕೊಂಡರು. "ನಾನೂ ಅದ್ನೇ ಹೇಳ್ತಿದ್ದೆ ಕಣ್ರೀ! ಮನೇಲಿ ಒಬ್ರೂ ನಂಬ್ನಿಲ್ಲ. ನಿಮ್ಮಂತೋರೇ ಹೇಳಿದ ಮ್ಯಾಲೆ ಇನ್ನೇನು ಬುಡಿ. ನಮ್ಮನೆ ಅಟ್ಟ ತುಂಬೋಗೈತೆ, ಇಲ್ಲೇ ಇರ್ಲಿ. ಒಣಗಿದ ಮ್ಯಾಲೆ ಹೇಳಿ ಕಳ್ಸಿ, ಮದ್ವೆ ಮಾಡಾನ."

ಕಾಫಿ ಕುಡಿದವರೇ ಬಸ್ ಹತ್ತಿದರು. ದಯಾನಂದ್ ಒಂದು ದಿಂಬು ಕೇಳಿ ಪಡೆದು ಏಣಿ ಏರಿದ.

"ಅಪ್ಪಾ, ಆರು ತಿಂಗ್ಳಾದ್ರೂ ಒಣಗ್ದಿದ್ರೆ?" ಲಿಖಿತಾ ಸಣ್ಣಗೆ ಕೇಳಿದಳು.

"ಇನ್ನೊಂದಾರು ತಿಂಗ್ಳು ಇಲ್ಲೇ ಕಣವ್ವ."

ಅಟ್ಟದ ಮೇಲಿಂದ ಗೊರಕೆ ಶುರುವಾಯಿತು.