ದೊಡ್ಡಮೇಷ್ಟ್ರ ಕೋಟಿನ ಕಿಸೆ

ದೊಡ್ಡಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಚಿಕ್ಕಮೇಷ್ಟ್ರು ಕನ್ನಡಿಯ ಮುಂದೆ ನಿಂತು ಟೈ ಕಟ್ಟಿಕೊಳ್ಳುತ್ತಿದ್ದರು. ಸುದ್ದಿ ತಂದವನು ಕೆಳಗಿನ ಜೆರಾಕ್ಸ್ ಅಂಗಡಿಯವನು.

"ಆರು ಗಂಟೆಗೇ ಎದ್ದು, ಕೋಟು ಹಾಕ್ಕೊಂಡು, ಚಹಾ ಕುಡಿದು, ಕುರ್ಚೀಲಿ ಕೂತಹಾಗೇ ಹೋಗ್ಬಿಟ್ರಂತೆ ಚಿಕ್ಕಮೇಷ್ಟ್ರೇ. ಪುಣ್ಯಾತ್ಮ."

ಚಿಕ್ಕಮೇಷ್ಟ್ರ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷ ಆ ಹಿರಿಯರ ನೆರಳಿನಲ್ಲಿ ಸೀಮೆಸುಣ್ಣ ಹಿಡಿದ ಕೈ ಅವರದು. ಆದರೆ ತುಂಬಿದ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಸಂಗತಿ ಹೊಳೆಯಿತು. ಕೋಟು ಹಾಕಿಕೊಂಡಿದ್ದರೆಂದ ಮೇಲೆ ಬೀಗದ ಕೈ ಕೋಟಿನ ಕಿಸೆಯಲ್ಲೇ ಇರಬೇಕು.

ಸಂಗತಿ ಇಷ್ಟೇ. ದೊಡ್ಡಮೇಷ್ಟ್ರು ನಲವತ್ತು ವರ್ಷದಿಂದ ನಡೆಸಿಕೊಂಡು ಬಂದ ಇಂಗ್ಲಿಷ್ ಶಾಲೆಯಲ್ಲಿ, ಭಾಷೆಯ ಜೊತೆಗೆ ಮೇಷ್ಟ್ರಾಗಿ ಪಾಠ ಹೇಳುವುದನ್ನೂ ಕಲಿಸಿ ಸರ್ಟಿಫಿಕೇಟು ಕೊಡುತ್ತಿದ್ದರು. ಆದರೆ ಅವರದೊಂದು ಪದ್ಧತಿ. ಸರ್ಟಿಫಿಕೇಟಿಗೆ ಸಹಿ ಹಾಕಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುವರು. ಶಿಷ್ಯ ಒಂದು ಪಾಠ ಮಾಡಬೇಕು, ತಾವು ಕೊನೆಯ ಬೆಂಚಿನಲ್ಲಿ ಕೂತು ಕೇಳಬೇಕು. ಪಾಠ ಮುಗಿಯುವ ತನಕ ನಿದ್ದೆ ಬಾರದಿದ್ದರೆ ಕೋಟಿನ ಕಿಸೆಯಿಂದ ಬೀಗದ ಕೈ ಹೊರಬರುತ್ತಿತ್ತು. ಚಿಕ್ಕಮೇಷ್ಟ್ರ ಪಾಠ ಆ ದಿನ ಬೆಳಿಗ್ಗೆ ಎಂಟು ಗಂಟೆಗೆ ಇತ್ತು. ಮಧ್ಯಾಹ್ನ ಮೂರಕ್ಕೆ ಪರದೇಶದ ಶಾಲೆಯೊಂದರ ಸಂದರ್ಶನ, ಕಂಪ್ಯೂಟರಿನಲ್ಲಿ. ಅಸಲು ಸರ್ಟಿಫಿಕೇಟನ್ನು ಕ್ಯಾಮೆರಾಕ್ಕೆ ತೋರಿಸದಿದ್ದರೆ ಮಾತೇ ಇಲ್ಲವೆಂದು ಅವರು ಬರೆದಿದ್ದರು. ನಲವತ್ತೆರಡು ವಯಸ್ಸಾದರೂ 'ಚಿಕ್ಕ' ಎನ್ನಿಸಿಕೊಳ್ಳುವ ಮನುಷ್ಯನಿಗೆ, ಎಲ್ಲಾದರೂ ಒಂದು ಕಡೆ ಬರೀ 'ಮೇಷ್ಟ್ರು' ಎನ್ನಿಸಿಕೊಳ್ಳುವ ಅವಕಾಶ ಅದೊಂದೇ.

ಸರ್ಟಿಫಿಕೇಟಿನಿಂದ ಪರದೇಶದಲ್ಲಿ ಕೆಲಸ ಸಿಗುತ್ತದೆಯೇ ಎಂಬ ವಿಷಯದಲ್ಲಿ ಬೀದಿ ಎರಡು ಪಕ್ಷವಾಗಿತ್ತು. ಜೆರಾಕ್ಸಿನವನು ತಾನು ಪ್ರತಿ ತೆಗೆದುಕೊಟ್ಟ ಹನ್ನೊಂದು ಜನ ವಿಮಾನ ಹತ್ತಿದರೆಂದು ಎದೆ ತಟ್ಟಿಕೊಳ್ಳುತ್ತಿದ್ದ. ಎದುರುಮನೆಯ ದರ್ಜಿ, ಮೂರು ಸರ್ಟಿಫಿಕೇಟು ಇಟ್ಟುಕೊಂಡವನೊಬ್ಬ ತನ್ನಲ್ಲಿ ಕೋಟು ಹೊಲಿಸಿ, ಅದನ್ನು ತೊಟ್ಟುಕೊಂಡು ಇಂದಿಗೂ ಪಕ್ಕದ ಬೀದಿಯಲ್ಲೇ ತರಕಾರಿ ತರುತ್ತಾನೆಂದು ನಗುತ್ತಿದ್ದ.

ಆ ಬೆಳಿಗ್ಗೆ ಇಬ್ಬರೂ ಚಿಕ್ಕಮೇಷ್ಟ್ರ ಎಡಬಲಕ್ಕೆ ದೊಡ್ಡಮೇಷ್ಟ್ರ ಮನೆಗೆ ನಡೆದರು. ದರ್ಜಿ ನಿಟ್ಟುಸಿರಿಟ್ಟ. "ನಿಮ್ಮ ಪಾಠ ತಪ್ಪಿಸ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಿತ್ತಾ ಪಾಪ, ಮನುಷ್ಯ?"

ಹಜಾರದ ನಡುವೆ ಮಂಚದ ಮೇಲೆ ದೊಡ್ಡಮೇಷ್ಟ್ರು ಕರಿಕೋಟಿನಲ್ಲೇ ಮಲಗಿದ್ದರು. ಮುಖದಲ್ಲಿ ಎಂತಹ ನೆಮ್ಮದಿ! ದೇವರು ಒಳ್ಳೆಯವರನ್ನು ಹೀಗೆಯೇ ಮೆಲ್ಲಗೆ ಕರೆದುಕೊಳ್ಳುತ್ತಾನೆ. ಅವರ ಹೆಂಡತಿ, ಶಿಷ್ಯರೆಲ್ಲರಿಗೂ ಅಮ್ಮ, ತಲೆದೆಸೆಯಲ್ಲಿ ಕಲ್ಲಿನಂತೆ ಕೂತಿದ್ದರು. ಗಂಡನನ್ನು ಕಳೆದುಕೊಂಡ ಹೆಂಗಸಿನ ಹತ್ತಿರ ಹೋಗಿ ಬೀರುವಿನ ಬೀಗದ ಕೈ ಕೇಳುವುದು ಹೇಗೆ? ಚಿಕ್ಕಮೇಷ್ಟ್ರು ಯಾರಿಗೂ ತಿಳಿಯದಂತೆ ತಾವೇ ತೆಗೆದುಕೊಳ್ಳುವುದೆಂದು ನಿಶ್ಚಯಿಸಿದರು. ಎಲ್ಲ ಕೆಟ್ಟದ್ದು ಅಲ್ಲಿಯೇ.

ಹೂವಿಡುವ ನೆಪದಲ್ಲಿ ಬಗ್ಗಿ, ಕೋಟಿನ ಎಡಮಗ್ಗುಲಿಗೆ ಕೈ ತೂರಿಸಿದರು. ದೊಡ್ಡಮೇಷ್ಟ್ರ ತಂಗಿ ನೋಡಿಬಿಟ್ಟರು.

"ಎದೆ ಮುಟ್ಟಿ ನೋಡ್ತಿದಾನೆ, ಬಡಿತ ಏನಾದ್ರೂ ಸಿಕ್ತೇನಪ್ಪಾ?"

ಹಜಾರವೆಲ್ಲ ಎದ್ದು ಮಂಚಕ್ಕೆ ಮುತ್ತಿತು. ನಾಲ್ಕನೇ ಮನೆಯ ನರ್ಸಮ್ಮನನ್ನು ಕೂಗಿ ಕರೆದರು. ಆಕೆ ಬಂದು, ನಾಡಿ ಹಿಡಿದು, ಕಣ್ಣಿಗೆ ಬ್ಯಾಟರಿ ಬಿಟ್ಟು, ಇಲ್ಲವೆಂದು ತಲೆಯಾಡಿಸಿ, ಕೊನೆಗೆ ಚಿಕ್ಕಮೇಷ್ಟ್ರ ನಾಡಿಯನ್ನೇ ಹಿಡಿದು ಇವರನ್ನು ಮಲಗಿಸುವುದು ಮೇಲು ಎಂದಳು.

ಎರಡನೆಯ ಸಲ ಅವರು ದೇಹವನ್ನು ತಬ್ಬಿಕೊಂಡೇಬಿಟ್ಟರು. ಮೊದಮೊದಲು ಅದು ಬೀಗದ ಕೈಗಾಗಿಯೇ. ಆದರೆ ಆ ಕೋಟಿನ ಪರಿಚಿತ ವಾಸನೆ, ಸೀಮೆಸುಣ್ಣ ಮತ್ತು ಪೆಪ್ಪರ್‌ಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಜವಾಗಿಯೇ ಅಳು ಒತ್ತರಿಸಿ ಬಂದು, ಕೈ ಎಲ್ಲಿಗೆ ಹೋಗಬೇಕಿತ್ತೆಂಬುದೇ ಮರೆತುಹೋಯಿತು. ಕನ್ನಡಕ ಹೂವಿನ ರಾಶಿಯಲ್ಲಿ ಮುಳುಗಿತು. ಜೆರಾಕ್ಸಿನವನು ಮೂಟೆ ಎಳೆದಂತೆ ಭುಜ ಹಿಡಿದು ಎಳೆದು ಕೂರಿಸಿ, ತಲೆಯ ಮೇಲೆ ಒಂದು ಚೊಂಬು ನೀರು ಸುರಿದ. ಇಂಥ ಶಿಷ್ಯ ಯಾರಿಗುಂಟು ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸ್ಮಶಾನದ ಗಾಡಿಯ ವಿಚಾರ ಮಾತಾಡಲು ಎಲ್ಲರೂ ಹೊರಗೆ ಹೋಗಿ, ಅಮ್ಮ ಒಳಕೋಣೆಗೆ ಎದ್ದುಹೋದಾಗ ಮೂರನೆಯ ಅವಕಾಶ ಸಿಕ್ಕಿತು. ಈ ಸಲ ಕೈ ಕಿಸೆಯ ತಳ ಮುಟ್ಟಿತು. ಎರಡು ತುಂಡು ಸೀಮೆಸುಣ್ಣ, ಒಂದು ಪೆಪ್ಪರ್‌ಮೆಂಟು. ಬೀಗದ ಕೈ ಇರಲಿಲ್ಲ.

"ಬೀರುವಿನ ಕೈ ತಾನೆ?" ಹಿಂದಿನಿಂದ ಅಮ್ಮನ ದನಿ ಬಂತು. ಅವರು ಮುಷ್ಟಿ ಬಿಚ್ಚಿ ತೋರಿಸಿದರು. "ಬೆಳಿಗ್ಗೇನೇ ತೆಗೆದಿಟ್ಕೊಂಡೆ. ನೀನು ಕೇಳ್ತೀಯ ಅಂತ ಕಾಯ್ತಾ ಇದ್ದೆ. ಬಾಯಿ ಬಿಟ್ಟು ಕೇಳಿದ್ರೆ ಕೊಡ್ತಿರಲಿಲ್ಲವೇನೋ ಮಗು? ಪಾಪ, ಅವರಿಗೆ ಕಚಗುಳಿ ಇಟ್ಟಹಾಗೆ ಮಾಡ್ದೆಯಲ್ಲ."

ಇಷ್ಟು ಹೇಳಿ, ಆ ದಿನ ಮೊದಲ ಸಲ, ಅಮ್ಮ ನಕ್ಕರು. ನಗುತ್ತಲೇ ಅತ್ತರು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಾರ್ಯ ಮುಗಿಯಿತು. ಮೂರು ಗಂಟೆಗೆ ಚಿಕ್ಕಮೇಷ್ಟ್ರು ಒದ್ದೆ ಟೈ ಬಿಗಿದುಕೊಂಡು, ಬೀರುವಿನಿಂದ ತೆಗೆದ ಸರ್ಟಿಫಿಕೇಟನ್ನು ಎದೆಯ ಮುಂದೆ ಹಿಡಿದು ಕಂಪ್ಯೂಟರಿನ ಎದುರು ಕೂತರು. ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಜೆರಾಕ್ಸಿನವನೂ ದರ್ಜಿಯೂ, ಕುದುರೆ ಪಂದ್ಯಕ್ಕೆ ಬಂದವರಂತೆ ನಿಂತರು.

ಪರದೇಶದ ಹೆಡ್‌ಮಿಸ್ಟ್ರೆಸ್ ಸಹಿಯನ್ನು ಬಹಳ ಹೊತ್ತು ನೋಡಿದರು. ಸರ್ಟಿಫಿಕೇಟು ಇರುವುದು ಬಹಳ ಒಳ್ಳೆಯದಾಯಿತು, ಅದಿಲ್ಲದವರನ್ನು ತಾವು ಕೆಲಸಕ್ಕೆ ತೆಗೆದುಕೊಳ್ಳುವುದೇ ಇಲ್ಲ ಎಂದರು. ಜೆರಾಕ್ಸಿನವನು ದರ್ಜಿಯ ಪಕ್ಕೆ ತಿವಿದ. ಅವರು ಮುಂದುವರಿಸಿದರು: ಅರ್ಜಿ ಬಂದ ಕೂಡಲೇ ಅದರಲ್ಲಿ ಹೆಸರಿಸಿದ ಗುರುಗಳಿಗೆ ಕಾಗದ ಬರೆದು ಕೇಳುವುದು ನಮ್ಮ ಶಾಲೆಯ ರೂಢಿ. ಉತ್ತರ ಹೋದ ವಾರ ಬಂದಿದೆ, ಓದುತ್ತೇನೆ.

ದೊಡ್ಡಮೇಷ್ಟ್ರು ಬರೆದಿದ್ದರು: "ನಲವತ್ತು ವರ್ಷದಲ್ಲಿ ನಾನು ತಯಾರು ಮಾಡಿದವರಲ್ಲಿ ಈತನಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬನಿಲ್ಲ. ನನ್ನ ಪಾಠದಲ್ಲಿ ತೂಕಡಿಸುವವರು ಈತನ ಪಾಠದಲ್ಲಿ ಎದ್ದು ಕೂರುತ್ತಾರೆ. ಆದ್ದರಿಂದ ದಯವಿಟ್ಟು ಈತನನ್ನು ತೆಗೆದುಕೊಳ್ಳಬೇಡಿ. ನನ್ನ ನಂತರ ಈ ಶಾಲೆ ಈತನದು. ಇನ್ನೂ ಹೇಳಿಲ್ಲ, ಪಾಠ ಕೇಳಿದ ಮೇಲೆ ಬೀಗದ ಕೈ ಕೊಟ್ಟು ಹೇಳಬೇಕೆಂದಿದ್ದೇನೆ."

ಚಿಕ್ಕಮೇಷ್ಟ್ರು ಬಾಯಿ ತೆರೆದು, ಅವರು ಇಂದು ಬೆಳಿಗ್ಗೆ ಹೋಗಿಬಿಟ್ಟರು ಎಂದಷ್ಟೇ ಹೇಳಿದರು. ಹೆಡ್‌ಮಿಸ್ಟ್ರೆಸ್ ಎದ್ದು ನಿಂತು ತಲೆ ಬಾಗಿಸಿದರು. ಆಮೇಲೆ ಮೃದುವಾಗಿ, ಸರ್ಟಿಫಿಕೇಟಿನ ಮೇಲಿನ ಸಹಿ ನಂಬುವವಳು ಕಾಗದದ ಮೇಲಿನ ಸಹಿಯನ್ನೂ ನಂಬಬೇಕಲ್ಲ, ಎಂದು ಕಂಪ್ಯೂಟರ್ ಮುಚ್ಚಿದರು.

ಮೂಲೆಯಲ್ಲಿ ಗೆದ್ದವರು ಯಾರೆಂಬ ಜಗಳ ಶುರುವಾಯಿತು.

ಐದು ಗಂಟೆಗೆ ಎಂದಿನಂತೆ ಸಂಜೆಯ ತರಗತಿ ತುಂಬಿತ್ತು. ಬರಬೇಡಿರೆಂದು ಹೇಳುವುದು ಯಾರಿಗೂ ನೆನಪಾಗಿರಲಿಲ್ಲ. ಚಿಕ್ಕಮೇಷ್ಟ್ರು ಎಲ್ಲರನ್ನೂ ಮನೆಗೆ ಕಳಿಸಲೆಂದು ಒಳಗೆ ಬಂದರು. ಅಷ್ಟೂ ಜನ ಎದ್ದು ನಿಂತರು. ಮುಂದಿನ ಸಾಲಿನ ಹುಡುಗಿ ಕೇಳಿದಳು:

"ಮೇಷ್ಟ್ರೇ, ಇವತ್ತು ಪಾಠ ಇದೆಯಾ?"

ಬರೀ 'ಮೇಷ್ಟ್ರೇ'. ಅವರು ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡು ಸೀಮೆಸುಣ್ಣ ಎತ್ತಿಕೊಂಡರು. ಕೊನೆಯ ಬೆಂಚು ಖಾಲಿಯಿತ್ತು. ಬೆಳಿಗ್ಗೆ ನಿಂತುಹೋದ ಪಾಠವನ್ನು ಆ ಬೆಂಚಿನ ಕಡೆಗೇ ತಿರುಗಿ ಮಾಡಿದರು. ಮುಗಿಯುವ ತನಕ ಯಾರೂ ತೂಕಡಿಸಲಿಲ್ಲ.

ಆಮೇಲೆ ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಕಣ್ಣು ಮುಚ್ಚಿ ನಿಂತರು. ದೇವರೇ, ದೊಡ್ಡಮೇಷ್ಟ್ರು ಯಾವ ಕಾಗದ ಪತ್ರವೂ ಇಲ್ಲದೆ ನಿನ್ನ ನಾಡಿಗೆ ಬಂದಿದ್ದಾರೆ. ಸರ್ಟಿಫಿಕೇಟು ಕೇಳಬೇಡ. ಕೊನೆಯ ಬೆಂಚಿನಲ್ಲಿ ಒಂದು ಜಾಗ ಕೊಡು. ಇನ್ನಾದರೂ ಅವರು ಯಾರ ಪಾಠವನ್ನೂ ಕಾಯದೆ ನೆಮ್ಮದಿಯಾಗಿ ನಿದ್ದೆ ಮಾಡಲಿ. ಅವರ ಆತ್ಮಕ್ಕೆ ಶಾಂತಿಯಿರಲಿ.