ಪೆಲ್ಟನ್, ಫ್ರಾನ್ಸಿಸ್, ಕಪ್ಲಾನ್ ಮತ್ತು ನಮ್ಮ ಭಾವ

ಇದನ್ನು ಬರೆಯುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಮನುಷ್ಯರಲ್ಲಿ ಮೂರೇ ಜಾತಿ ಎಂದು ನಂಬಿದ್ದವರು ನಮ್ಮ ಭಾವ, ಗಿರಿಜಕ್ಕನ ಗಂಡ: ಪೆಲ್ಟನ್, ಫ್ರಾನ್ಸಿಸ್, ಕಪ್ಲಾನ್! ಮೂರೂ ನೀರಿನ ಬಲದಿಂದ ತಿರುಗಿ ಕರೆಂಟು ಹುಟ್ಟಿಸುವ ಟರ್ಬೈನುಗಳ ಹೆಸರು. ನಾನು ಪೆಲ್ಟನ್ ಅಂತೆ. "ಒಂದು ಹನಿ ತಾಗಿದ್ರೆ ಸಾಕು, ಗಿರ್ರಂತ ತಿರುಗ್ತಾನೆ."

ಜಲವಿದ್ಯುತ್ ಕೇಂದ್ರವೊಂದರಲ್ಲಿ ಫಿಟ್ಟರ್ ಆಗಿದ್ದವರು ಎಪ್ಪತ್ತರ ದಶಕದ ಕೊನೆಯಲ್ಲಿ ಸವಳಂಗಕ್ಕೆ ಮರಳಿದರು. ಮರಳಿದವರು ಸುಮ್ಮನಿರಬೇಕಲ್ಲ? ಹೊನ್ನಾಳಿಯ ನಮ್ಮ ಮನೆಯಲ್ಲಿ ಬಡಿಸಲು ನಿಂತರೆ ಸೌಟನ್ನು ತಲೆಯೆತ್ತರಕ್ಕೆ ಎತ್ತಿ ಸುರಿಯುತ್ತಿದ್ದರು. "ಸಾರು ಸ್ವಲ್ಪ, ಎತ್ತರ ಜಾಸ್ತಿ. ಇದು ಪೆಲ್ಟನ್." ಬಿಳಿ ಅಂಗಿ ಹಳದಿಯಾಗುತ್ತಿದ್ದದ್ದು ನನ್ನದು. ಚನ್ನಗಿರಿ ದಾರಿಯಲ್ಲಿ ನಾಲೆ ಕಂಡರೆ ಬಸ್ಸಿನಲ್ಲೇ ಎದ್ದು ನಿಲ್ಲುವರು. "ನೀರು ಜಾಸ್ತಿ, ಎತ್ತರ ಕಡಿಮೆ. ಇಲ್ಲಿಗೆ ಪೆಲ್ಟನ್ ಆಗಲ್ಲ, ಕಪ್ಲಾನೇ ಬೇಕು. ಫ್ಯಾನಿನಂಗೆ ರೆಕ್ಕೆ ಐತೆ, ನೀರು ನೋಡ್ಕೊಂಡು ಓರೆ ಆಗ್ತೈತೆ." ಕಂಡಕ್ಟರ್, "ಎರಡರ ಮಧ್ಯದ್ದು ಹೆಂಗ್ರೀ?" ಎಂದುಬಿಟ್ಟ. ಪುಣ್ಯಾತ್ಮ! ಫ್ರಾನ್ಸಿಸ್‌ನಲ್ಲಿ ನೀರು ಸುತ್ತಲಿಂದ ಒಳನುಗ್ಗಿ ನಡುವಿನಿಂದ ಇಳಿದುಹೋಗುವುದನ್ನು ವಿವರಿಸಿ ಮುಗಿಸುವಷ್ಟರಲ್ಲಿ ನಾವಿಳಿಯುವ ಊರೇ ಹಿಂದಾಗಿತ್ತು.

ಇದನ್ನೆಲ್ಲ ಹಲ್ಲುಕಚ್ಚಿ ಸಹಿಸಿದೆ. ಆದರೆ ಬಿಳಿಚೋಡಿಗೆ ನನಗೆ ಹೆಣ್ಣು ನೋಡಲು ಹೋದ ದಿನ? ಹುಡುಗಿ ನನಗೆ ಒಪ್ಪಿಗೆಯಾಗಿದ್ದಳು. ಅವಳ ತಾಯಿ ದೂರದ ಬಾವಿಯಿಂದ ಹೊತ್ತು ತಂದ ನೀರನ್ನು ಚೊಂಬಿನಲ್ಲಿ ಮುಂದಿಟ್ಟರು. ಭಾವ ಕುಡಿಯಲಿಲ್ಲ. ಉಪ್ಪಿಟ್ಟಿನ ಚಮಚ ಹಿಡಿದು ಅದರ ಮೇಲೆ ಚೊಂಬನ್ನೇ ಬಗ್ಗಿಸಿದರು.

"ನೀರು ಚಮಚಾನ ಹೆಂಗೆ ತಳ್ಳಿತು ನೋಡ್ರಿ. ಆದ್ರೆ ನಿಮ್ಮೂರಾಗೆ ಮೂರರಾಗೆ ಒಂದೂ ತಿರುಗಲ್ಲ ಬಿಡ್ರಿ. ನೀರೇ ಇಲ್ಲ."

ಹುಡುಗಿಯ ತಂದೆ ಒದ್ದೆ ನೆಲ ನೋಡಿದರು. "ಇರೋ ನೀರ್ನೂ ಚೆಲ್ಲೋರ ಮನೆಗೆ ಹೆಣ್ಣು ಕೊಡಾಕೆ ಆಗಲ್ಲ. ಎದ್ದೇಳ್ರಿ."

ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಜನರ ಮುಂದೆಯೇ ಕೂಗಾಡಿದೆ. "ಇನ್ನು ನೀವಾಗಲಿ ಅಕ್ಕ ಆಗಲಿ ನಮ್ಮ ಹೊಸ್ತಿಲು ತುಳೀಬಾರ್ದು." ಸವಳಂಗದಲ್ಲಿ ತನ್ನ ಪಾಡಿಗೆ ತಾನಿದ್ದ ಅಕ್ಕ ಏನು ಮಾಡಿದ್ದಳು? ಸಿಟ್ಟಿಗೆ ಅದೆಲ್ಲ ಎಲ್ಲಿ ಕಾಣುತ್ತದೆ.

ಪಂಚಮಿ ಹಬ್ಬಕ್ಕೆ ತವರಿನಿಂದ ಯಾರಾದರೂ ಹೋಗಿ ಕರೆದರೇ ಹೆಣ್ಣುಮಕ್ಕಳು ಬರುವುದು ನಮ್ಮಲ್ಲಿ. ಆ ವರ್ಷ ನಾನು ಹೋಗಲಿಲ್ಲ. ಹಬ್ಬದ ಹಿಂದಿನ ದಿನ ಭಾವನೇ ಬಂದು ಅಂಗಳದಲ್ಲಿ ನಿಂತರು. ಟರ್ಬೈನಿನ ಮಾತೇ ಇಲ್ಲ.

"ನಾನು ಬರಲ್ಲಪ್ಪ. ಅವಳನ್ನ ಕರ್ಕೊಂಡು ಬಾ. ಬೆಳಗಿಂದ ಸೀರೆ ಉಟ್ಕೊಂಡು ಕೂತಾಳೆ, ನನ್ನ ತಮ್ಮ ಬರ್ತಾನೆ ಅಂತ."

ನಾನು ಬಾಗಿಲು ಹಾಕಿಕೊಂಡೆ.

ಅಕ್ಕ ತೀರಿಕೊಂಡ ದಿನ ಭಾವನ ಕೈ ಹಿಡಿದು ತಪ್ಪಾಯಿತು ಎಂದೆ. ಅವರು ನನ್ನ ಬೆನ್ನು ಸವರಿದರು. ಆದರೆ ನಾನು ಆ ಮಾತು ಹೇಳಬೇಕಾಗಿದ್ದದ್ದು ಗಿರಿಜಕ್ಕನಿಗೆ.